ನಾಲ್ಕನೇ ತಂಬಿಗೆಯ ಹಾಡು

ಹೊನ್ನವ್ವ ನಮ್ಮ ಓಣಿಯವಳು. ಬ್ಯಾಡಗಿ ಪೇಟೆಯ ದಲಾಲಿ ಅಂಗಡಿಗಳ ನೆರಳಲ್ಲಿ ಕುಳಿತು ನಲವತ್ತೊಂದು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು. ಈಗ ಅವಳಿಗೆ ಎಪ್ಪತ್ನಾಲ್ಕು. ನನಗೆ ಸ್ವಂತ ದೊಡ್ಡವ್ವ ಏನಲ್ಲ, ಆದರೆ ಮಾತು ಬಂದಾಗಿನಿಂದ ನಾನು ಅವಳನ್ನು ದೊಡ್ಡವ್ವ ಎಂದೇ ಕರೆದಿದ್ದೇನೆ. ಅವಳೂ ಸ್ವಂತ ಮಗನನ್ನು ಬೈಯುವ ಸಲಿಗೆಯಲ್ಲೇ ನನ್ನನ್ನು ಬೈಯುತ್ತಾಳೆ, ಕೆಲವು ಸಲ ಅವನ ಪಾಲಿನ ಬೈಗುಳವೂ ನನಗೇ ಬರುತ್ತದೆ.

ಈ ಓಣಿಯಲ್ಲಿ ಮದುವೆ ಗೊತ್ತಾಯಿತೆಂದರೆ ಹಂದರ ಹಾಕುವವನಿಗಿಂತ ಮೊದಲು ಹೊನ್ನವ್ವನಿಗೆ ಹೇಳಿಕಳಿಸುತ್ತಿದ್ದರು. ಅರಿಷಿಣ ಹಚ್ಚುವಾಗ ಹಾಡು, ಬಳೆ ಇಡಿಸುವಾಗ ಹಾಡು, ಬೀಗರ ಮೀಸೆಯನ್ನು ಗೇಲಿ ಮಾಡಲು ಬೇರೆ ಹಾಡು. ಅವಳ ಪಕ್ಕದಲ್ಲಿ ಯಾವಾಗಲೂ ಬಿಬಿಜಾನ್ ಕೂರುತ್ತಿದ್ದಳು. ಇಬ್ಬರೂ ಒಂದೇ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸಿದವರು. ಹೊನ್ನವ್ವ ಒಂದು ಸಾಲು ಹೇಳಿದರೆ ಬಿಬಿಜಾನ್ ಅದನ್ನು ಎತ್ತಿಕೊಂಡು ಮತ್ತೆ ಹೇಳುತ್ತಿದ್ದಳು. ಮುನ್ನೂರು ಮದುವೆಯಾದರೂ ಹಾಡಿದ್ದಾರೆ ಎಂದು ಓಣಿಯವರ ಲೆಕ್ಕ. ಎಂಟು ವರ್ಷದ ಹಿಂದೆ ಹೊನ್ನವ್ವನ ಗಂಟಲು ಒಡೆದು ದನಿ ಗೊಗ್ಗರಾಯಿತು. ಕಾರದ ಧೂಳು ಎಂದರು ಡಾಕ್ಟರು. ಅಷ್ಟರಲ್ಲಿ ಮದುವೆಗಳೂ ಮಂಗಲ ಕಾರ್ಯಾಲಯ ಸೇರಿ, ಅಲ್ಲಿ ಆರ್ಕೆಸ್ಟ್ರಾ ಬಂದು ಕೂತಿತ್ತು. ಹೊನ್ನವ್ವ ಹಾಡು ಬಿಟ್ಟಳು, ಬೈಯುವುದನ್ನು ಮಾತ್ರ ಬಿಡಲಿಲ್ಲ.

ನಾನು ಶಶಿಕಾಂತ. ಸ್ಟೇಶನ್ ರಸ್ತೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಇಪ್ಪತ್ತು ವರ್ಷ ಮದುವೆಗಳ ವಿಡಿಯೋ ತೆಗೆದೆ. ಈಗ ಡ್ರೋನ್ ಹಾರಿಸುವ ಹುಡುಗರು ಬಂದ ಮೇಲೆ ನನ್ನನ್ನು ಕರೆಯುವವರು ಕಡಿಮೆ. ಆದರೆ ದೇವರು ಒಂದು ಬಾಗಿಲು ಹಾಕಿದರೂ ನಾನು ಕಿಟಕಿ ಹಾರುವ ಪೈಕಿ. ಜನರ ಮನೆಯಲ್ಲಿ ಟಿವಿ ಹೊಸದಾಗಿದೆ, ಡಿವಿಡಿ ಪ್ಲೇಯರು ಸತ್ತು ಅಟ್ಟ ಸೇರಿದೆ, ಮದುವೆಯ ಡಿವಿಡಿ ಮಾತ್ರ ತಿಜೋರಿಯಲ್ಲಿ ಸೀರೆಗಳ ನಡುವೆ ಮಲಗಿದೆ. ಆ ಡಿವಿಡಿ ತಂದುಕೊಟ್ಟರೆ ನಾನು ಅದನ್ನು ಕಂಪ್ಯೂಟರಿಗೆ ಇಳಿಸುತ್ತೇನೆ. ಡಿವಿಡಿ ತಟ್ಟೆಯೊಳಗೆ ಮದುವೆ ಐದಾರು ತುಂಡಾಗಿ ಇರುತ್ತದೆ. ತುಂಡು ಜೋಡಿಸಿ ಒಂದೇ ಫೈಲ್ ಮಾಡಿ, ಯಾರ ಮದುವೆ, ಯಾವ ವರ್ಷ ಎಂದು ಹೆಸರು ಬರೆದು, ಒಂದು ಹಾರ್ಡ್ ಡಿಸ್ಕಿಗೆ ಹಾಕುತ್ತೇನೆ. ಆ ಡಿಸ್ಕನ್ನು ಮನೆಯ ವೈಫೈ ಡಬ್ಬಿಯ ಬೆನ್ನಿಗೆ ಸಿಕ್ಕಿಸಿದರೆ ಮುಗಿಯಿತು. ಟಿವಿಯ ಮೇಲೆ ಮದುವೆಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ, ಯಾರದು ಬೇಕೋ ಅವರದನ್ನು ಒತ್ತಿ ನೋಡಬಹುದು.

ಈ ವರ್ಷ ಪೇಟೆ ಕೆಂಪಾಗಿ, ಊರೆಲ್ಲ ಸೀನುತ್ತಿದ್ದ ದಿನಗಳಲ್ಲಿ ಹೊನ್ನವ್ವ ಸೊಸೆ ಶ್ರೀದೇವಿಯನ್ನು ಕರೆದುಕೊಂಡು ನನ್ನ ಸ್ಟುಡಿಯೋಕ್ಕೆ ಬಂದಳು. ಕೈಯಲ್ಲಿ ಬಟ್ಟೆಯ ಚೀಲ. ಅದನ್ನು ಮೇಜಿನ ಮೇಲೆ ಸುರಿದಳು. ಇಪ್ಪತ್ತಾರು ಡಿವಿಡಿ. ಮದುವೆ ಮಾಡಿದವರು ಹತ್ತಿರದ ಬಳಗಕ್ಕೆಲ್ಲ ಒಂದೊಂದು ಪ್ರತಿ ಹಂಚುವುದು ನಮ್ಮಲ್ಲಿ ರೂಢಿ. ಹಾಗೆ ಬಂದವನ್ನೆಲ್ಲ ಅವಳು ಬಿಸ್ಕಿಟ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು.

"ಇವನ್ನೆಲ್ಲಾ ನಮ್ಮ ಟಿವಿಗೆ ಹಾಕಿಕೊಡು," ಎಂದಳು.

"ಎಲ್ಲಾನೂ ಯಾಕ ದೊಡ್ಡವ್ವ? ಯಾವುದರ ಒಂದು ಛಲೋದು ಆರಿಸು."

"ಎಲ್ಲಾನೂ ಬೇಕು. ನನ್ನ ಹಾಡು ಯಾವುದರಾಗ ಐತೋ ಯಾರಿಗೆ ಗೊತ್ತು. ನಾಕನೇ ತಂಬಿಗಿ ಮರತೇನಿ, ಶಶಿ."

ಶ್ರೀದೇವಿ ನಕ್ಕು ನನಗೆ ಬಿಡಿಸಿ ಹೇಳಿದಳು. ಅವಳ ಮಗಳು ಭುವನಾಳ ಮದುವೆಗೆ ಹದಿನೆಂಟು ದಿನ ಉಳಿದಿತ್ತು. ಹುಡುಗಿ ಹಾವೇರಿಯ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಗಂಡೂ ಹಾವೇರಿಯವನೇ. ಅವಳು ಬೇರೆ ಯಾವುದಕ್ಕೂ ಹಟ ಮಾಡಿರಲಿಲ್ಲ, ಕಾರ್ಯಾಲಯ ಬೇಡ, ಮನೆಯ ಮುಂದೆ ಹಂದರ ಹಾಕಿ, ಅಜ್ಜಿ ಸುರಗಿ ಹಾಡಬೇಕು ಎಂದಷ್ಟೇ ಕೂತಿದ್ದಳು.

ಸುರಗಿ ಎಂದರೆ ಮದುವೆಯ ನೀರು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಕೊರಳಿಗೆ ಬಿಳಿ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ನೀರು ಹಾಕುತ್ತಾರೆ. ಹೊನ್ನವ್ವನ ತವರು ಹೊಸರಿತ್ತಿ. ಅಲ್ಲಿ ಅವಳ ಅವ್ವ ಕಲಿಸಿದ ಹಾಡಿನಲ್ಲಿ ಒಂದೊಂದು ತಂಬಿಗೆಗೆ ಒಂದೊಂದು ನುಡಿ ಇತ್ತು. ಮೊದಲನೆಯದು ವರದಾ ಹೊಳೆಯ ನೀರು. ಎರಡನೆಯದು ತುಂಗಭದ್ರೆಯದು. ಮೂರನೆಯದು ತವರಿನ ಬಾವಿಯದು. ನುಡಿ ಮುಗಿದ ಮೇಲೆಯೇ ಆ ತಂಬಿಗೆ ಎತ್ತಬೇಕು. ನಾಲ್ಕನೆಯದರಲ್ಲಿ ಯಾವ ನೀರು ಇತ್ತು ಎಂಬುದೇ ಹೊನ್ನವ್ವನಿಗೆ ನೆನಪಾಗುತ್ತಿರಲಿಲ್ಲ. ತಿಂಗಳಿನಿಂದ ಊಟ ಮಾಡುವಾಗ, ಹೂ ಕಟ್ಟುವಾಗ ಮೂರು ನುಡಿ ಹೇಳಿಕೊಂಡು ಬಂದು ನಾಲ್ಕರ ಬಾಗಿಲಲ್ಲಿ ನಿಲ್ಲುತ್ತಿದ್ದಳಂತೆ.

"ಬಿಬಿಜಾನ್ ಚಿಗವ್ವನ್ನ ಕೇಳಬೇಕಿತ್ತು," ಎಂದೆ.

"ಕೇಳೇನಿ. ನೀ ಹೇಳಿದ್ದನ್ನ ನಾ ಹೇಳ್ತಿದ್ದೆ, ಮೊದಲ ಹೇಳಾಕಿ ನೀನಲಾ ಅಂತಾಳ." ಹೊನ್ನವ್ವ ಕುರ್ಚಿಯಲ್ಲಿ ಕುಸಿದು ಕೂತಳು. "ಮಂದಿ ಮಕ್ಕಳಿಗೆ ಮುನ್ನೂರು ಸುರಗಿ ಹಾಡೇನಿ, ಶಶಿ. ನನಗ ಹೆಣ್ಣಮಕ್ಕಳಿಲ್ಲ. ನನ್ನ ಮನಿ ಹಂದರದಾಗ ಎತ್ತೋ ಮೊದಲನೇ ಸುರಗಿ ಇದು. ಅದಕ್ಕ ಮೂರ ತಂಬಿಗಿ ಎತ್ತಿ ಒಂದನ್ನ ಹಂಗ ಬಿಡ್ಲೇನು?"

ನಾನು ಎದೆ ತಟ್ಟಿಕೊಂಡೆ. ನಾಲ್ಕು ದಿನದಲ್ಲಿ ಎಲ್ಲ ಆಗುತ್ತದೆ, ನಿನ್ನ ಹಾಡನ್ನು ನಿನ್ನ ಮನೆಯ ಟಿವಿಯಲ್ಲೇ ಕೇಳಿಸುತ್ತೇನೆ ಎಂದೆ. ನನ್ನ ಎದೆ ನನಗಿಂತ ಒಂದು ಗೇಣು ಮುಂದೆ ನಡೆಯುತ್ತದೆ. ಅದರಿಂದ ನನಗೆ ಬಹಳ ಸಲ ಫಜೀತಿಯಾಗಿದೆ.

ನಾಲ್ಕು ದಿನ ಕಂಪ್ಯೂಟರಿನ ಡಿವಿಡಿ ಡ್ರೈವಿನ ಬಾಯಿ ತೆಗೆಯುವುದು, ತಟ್ಟೆ ಇಡುವುದು, ಮುಚ್ಚುವುದು. ಪ್ರತಿ ತಟ್ಟೆಯ ಮೇಲೂ ಕಾರದ ಪುಡಿ ಕೂತಿತ್ತು. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಬೇಕು, ಸುತ್ತಿಸಿ ಒರೆಸಿದರೆ ಗೀರು ಬೀಳುತ್ತದೆ. ಒರೆಸಿದೆ, ಸೀನಿದೆ, ಮತ್ತೆ ಒರೆಸಿದೆ. ಕೆಲಸ ಮುಗಿಸುವ ಆತುರದಲ್ಲಿ ಯಾವುದನ್ನೂ ಹಚ್ಚಿ ನೋಡಲಿಲ್ಲ. ಐದನೆಯ ದಿನ ಸಂಜೆ ಡಿಸ್ಕನ್ನು ಅವರ ಮನೆಯ ವೈಫೈ ಡಬ್ಬಿಗೆ ಸಿಕ್ಕಿಸಿದೆ. ಟಿವಿಯ ಮೇಲೆ ಇಪ್ಪತ್ತಾರು ಮದುವೆ ಸಾಲಾಗಿ ಬಂದವು. ಬಿಬಿಜಾನ್ ಬಂದು ಹೊನ್ನವ್ವನ ಮಗ್ಗುಲಿಗೆ ಕೂತಳು. ಭುವನಾ ರಿಮೋಟ್ ಹಿಡಿದಳು.

ಮೊದಲ ಮದುವೆಯಲ್ಲಿ ಸುರಗಿಯ ಜಾಗ ಬಂತು. ನೂಲು, ತಂಬಿಗೆ, ನಡುವೆ ಮದುಮಗಳು. ಕ್ಯಾಮೆರಾ ಒಂದು ಕ್ಷಣ ಹೊನ್ನವ್ವನ ಕಡೆ ತಿರುಗಿತು. ಐವತ್ತೈದರ ಹೊನ್ನವ್ವ ಕತ್ತೆತ್ತಿ, ಬಾಯಿ ತುಂಬ ಹಾಡುತ್ತಿದ್ದಾಳೆ. ಆದರೆ ಆ ಬಾಯಿಂದ ಬರುತ್ತಿರುವುದು ಯಾವುದೋ ಸಿನಿಮಾದ ಗಂಡಸಿನ ದನಿ, ಹಿಂದೆ ಗಿಟಾರು.

ಬಿಬಿಜಾನ್ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಹೊನ್ನಿ, ನಿನಗ ಮೀಸಿ ಬಂದಾವ!"

ಎರಡನೆಯ ಮದುವೆಯಲ್ಲೂ ಅದೇ, ಮೂರನೆಯದರಲ್ಲೂ ಅದೇ. ಭುವನಾ ಒತ್ತುತ್ತಾ ಹೋದಳು. ಇಪ್ಪತ್ತಾರರಲ್ಲಿ ಹತ್ತೊಂಬತ್ತು ನಾನೇ ತೆಗೆದವು, ಉಳಿದವು ನನ್ನಂಥವರೇ ತೆಗೆದವು. ಆ ಕಾಲದಲ್ಲಿ ಮದುವೆಯ ವಿಡಿಯೋಕ್ಕೆ ಸಿನಿಮಾ ಹಾಡು ಹಾಕದಿದ್ದರೆ ಕೆಲಸ ಅರ್ಧ ಮಾಡಿದ್ದಾನೆ ಎನ್ನುತ್ತಿದ್ದರು. ಶೂಟಿಂಗಿನ ಮೂಲ ಶಬ್ದ ನಮಗೆ ಬರೀ ಗದ್ದಲ. ಪಾತ್ರೆಯ ಸದ್ದು, ಕೂಸಿನ ಅಳು, ಪಂಕ್ತಿಯಲ್ಲಿ ಉಪ್ಪು ಕೇಳುವವನ ಕೂಗು, ಹೆಂಗಸರ ಹಾಡು. ಅದನ್ನೆಲ್ಲ ಒಂದೇ ಗುಂಡಿ ಒತ್ತಿ ಅಳಿಸಿ ಮೇಲೆ ಸಿನಿಮಾ ಹಾಡು ಹಚ್ಚುತ್ತಿದ್ದೆವು. ಎದೆ ತಟ್ಟಿಕೊಳ್ಳುವಾಗ ಅದು ನನಗೆ ನೆನಪೇ ಆಗಿರಲಿಲ್ಲ. ಮೂಲ ಟೇಪು ಇದೆಯೇ ಎಂದರೆ ಅದೂ ಇಲ್ಲ. ಒಂದು ಮದುವೆಯ ಟೇಪಿನ ಮೇಲೆಯೇ ಮುಂದಿನ ಮದುವೆ ತೆಗೆಯುತ್ತಿದ್ದೆವು.

ಹೊನ್ನವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮುನ್ನೂರು ಮದುವ್ಯಾಗ ಹಾಡೇನಿ," ಎಂದಳು ಮೆಲ್ಲಗೆ. "ಒಂದರಾಗೂ ನಾ ಇಲ್ಲಲೋ, ಶಶಿ."

ನನಗೆ ನಾಚಿಕೆಯಾಯಿತು. ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರೂ ಬಂತು, ಅದನ್ನು ಕಾರದ ಮೇಲೆ ಹಾಕಿದೆ. ಮನೆಗೆ ಹೋಗಿ ಅನ್ನ ಮುಟ್ಟದೆ ಕೂತು, ನಾನು ತೆಗೆದ ಮದುವೆಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಯಾವ ಪುಣ್ಯಾತ್ಮನ ಮದುವೆಗೆ ನಾನು ಹಾಡು ಹಾಕಿರಲಿಲ್ಲ? ಹಾಸಿಗೆ ಹಾಸುವ ಹೊತ್ತಿಗೆ ಫಕ್ಕೀರಪ್ಪ ಮಾಸ್ತರರ ಮುಖ ನೆನಪಿಗೆ ಬಂತು.

ಹೊಸರಿತ್ತಿಯ ಫಕ್ಕೀರಪ್ಪ ಮಾಸ್ತರು ಹೊನ್ನವ್ವನಿಗೆ ದಾಯಾದಿ ಅಣ್ಣ. ಗಾಂಧಿ ಪದ್ಧತಿಯ ಶಾಲೆಯಲ್ಲಿ ಕಲಿತು, ಊರಲ್ಲೇ ಮಾಸ್ತರಿಕೆ ಮಾಡಿ, ಈಗಲೂ ಖಾದಿ ಬಿಡದವರು. ಎರಡು ಸಾವಿರದ ಒಂಬತ್ತರಲ್ಲಿ ಅವರ ಮಗಳು ಶೀಲಾಳ ಮದುವೆಗೆ ನನ್ನನ್ನು ಕರೆದಿದ್ದರು. ಕರೆಯುವಾಗಲೇ ಒಂದು ಕಾಗದ ಕೈಗಿಟ್ಟಿದ್ದರು: ಸಿನಿಮಾ ಹಾಡು ಕೂಡದು, ಹೂ ಬೀಳುವ ಚಮತ್ಕಾರ ಕೂಡದು, ಮದುಮಗಳ ಮುಖ ಹೃದಯದ ಆಕಾರದೊಳಗೆ ಬರಕೂಡದು. ಅವತ್ತು ನನಗೆ ಸಿಟ್ಟು ಬಂದಿತ್ತು. ನನ್ನ ಕಲೆಗೇ ಕೈಕೋಳ ಹಾಕಿದರು ಎಂದು ಗೊಣಗುತ್ತಾ, ಇದ್ದದ್ದನ್ನು ಇದ್ದ ಹಾಗೆ ಡಿವಿಡಿಗೆ ಹಾಕಿ ಕೊಟ್ಟಿದ್ದೆ. ಬಳಗಕ್ಕೆ ಪ್ರತಿ ಹಂಚುವುದೂ ದುಂದು ಎಂದು ಮಾಸ್ತರು ಅದನ್ನೂ ಮಾಡಿಸಲಿಲ್ಲ. ಆ ಮದುವೆಯಲ್ಲಿ ಹಾಡಿದವಳು ಹೊನ್ನವ್ವ.

ಭಾನುವಾರ ಓಮ್ನಿ ತೆಗೆದೆ. ಒಬ್ಬನೇ ಹೋಗಿ ಬರುತ್ತೇನೆ ಎಂದರೆ ಹೊನ್ನವ್ವ ಕೇಳಲಿಲ್ಲ.

"ನನ್ನ ತವರುಮನಿಗೆ ನನ್ನ ಬಿಟ್ಟು ನೀ ಹೊಂಟಿ? ನಾಚಿಕಿ ಬರಂಗಿಲ್ಲೇನು?" ಎಂದು ಮುಂದಿನ ಸೀಟಿನಲ್ಲಿ ಹತ್ತಿ ಕೂತಳು. ಹಾವೇರಿ ದಾಟಿ ಹೊಸರಿತ್ತಿ ಸೇರುವವರೆಗೂ ಯಾವ ಹೊಲ ಯಾರದಿತ್ತು, ಯಾವ ಮರದ ಹುಣಸೆಕಾಯಿ ತಾನು ಕದ್ದಿದ್ದೆ ಎಂದು ಹೇಳುತ್ತಲೇ ಇದ್ದಳು.

ಮಾಸ್ತರು ಮನೆಯಲ್ಲಿರಲಿಲ್ಲ, ಸೂರ್ಯಕಾಂತಿ ಹೊಲದಲ್ಲಿದ್ದರು. ಎಂಬತ್ತರ ಮುದುಕ, ತಲೆಗೆ ಟವಲು. ವಿಷಯ ಕೇಳಿ ಅವರ ಮುಖ ಅರಳಿತು.

"ಡಿವಿಡಿ ಐತಲ್ಲಪಾ. ಬಾ, ತೋರಸ್ತೇನಿ," ಎಂದರು.

ನಾನು ಮನೆಯ ಕಡೆ ತಿರುಗಿದೆ. ಅವರು ಹೊಲದೊಳಗೆ ನಡೆದರು. ನಡುಹೊಲದಲ್ಲಿ ಗೂಟ ಹುಗಿದು ಅಡ್ಡಡ್ಡ ಹಗ್ಗ ಕಟ್ಟಿದ್ದರು. ಹಗ್ಗದ ತುಂಬ ಡಿವಿಡಿಗಳು ದಾರದಲ್ಲಿ ನೇತಾಡಿ, ಗಾಳಿಗೆ ತಿರುಗಿ ಮಿಂಚುತ್ತಿದ್ದವು.

"ಗಿಳಿ ಕಾಟ ಬಾಳ ಆಗಿತ್ತು," ಎಂದರು ಮಾಸ್ತರು. "ನೋಡೋ ಮಶೀನು ಕೆಟ್ಟು ಹೋತು. ಒಗಿಯಾಕ ಮನಸ್ಸು ಬರಲಿಲ್ಲ. ನೋಡಾಕ ಬರಲಿಲ್ಲಂದ್ರ ಕಾಯಾಕರ ಬರಲಿ ಅಂತ ಕಟ್ಟೇನಿ. ಮೂರು ವರ್ಷಾತು, ಒಂದು ಗಿಳಿ ಹಾಯಂಗಿಲ್ಲ."

ಶೀಲಾಳ ಮದುವೆ ಬಲಗಡೆಯಿಂದ ಐದನೆಯದು. ಬಿಸಿಲಿಗೆ ಅದರ ಬೆಳ್ಳಿ ಬಣ್ಣ ಸುಲಿದು ಆಚೆಯ ಹೊಲ ಕಾಣುತ್ತಿತ್ತು. ಅದನ್ನು ಯಾವ ಡ್ರೈವೂ ಓದಲಾರದು ಎಂದು ಕಣ್ಣಿಗೇ ಗೊತ್ತಾಯಿತು. ನಾನು ತಲೆ ಹಿಡಿದುಕೊಂಡು ಬದುವಿನ ಮೇಲೆ ಕೂತೆ. ಹೊನ್ನವ್ವ ಮಾತ್ರ ಆ ತಟ್ಟೆಯನ್ನು ನೋಡಿ ನಗತೊಡಗಿದಳು.

"ಮೂರು ವರ್ಷ ನಾನ ಗಿಳಿ ಕಾದೇನೇನೋ ಅಣ್ಣಾ! ಕೂಲಿ ಕೊಡು!"

ಮಾಸ್ತರು ಕೈ ಜೋಡಿಸಿದರು. ತಪ್ಪಾಯಿತು ತಂಗಿ ಎಂದರು. ಆಮೇಲೆ ಏನೋ ನೆನಪಾಗಿ, "ಶೀಲಾನ ಹತ್ರ ಒಂದು ಪ್ರತಿ ಇರಬೇಕು ನೋಡು," ಎಂದರು. ಶೀಲಾಳನ್ನು ಕೊಟ್ಟದ್ದು ರಾಣೇಬೆನ್ನೂರಿಗೆ. ಅಲ್ಲಿಂದಲೇ ಫೋನ್ ಮಾಡಿದೆವು. ಇದೆ, ಬನ್ನಿ ಎಂದಳು.

ರಾಣೇಬೆನ್ನೂರಿನಲ್ಲಿ ಶೀಲಾ ಮತ್ತು ಅವಳ ಗಂಡ ಬೀಜದ ಅಂಗಡಿ ನಡೆಸುತ್ತಾರೆ. ಮರುದಿನ ನಾವು ಹೋದಾಗ ಅವಳು ಗಿರಾಕಿಗಳನ್ನು ಗಂಡನಿಗೆ ಒಪ್ಪಿಸಿ, ಒಳಗಿನ ಟ್ರಂಕಿನಿಂದ ಡಬ್ಬಿ ತಂದಳು. ಡಬ್ಬಿ ಹೊಸದರಂತೆ ಇತ್ತು. ತೆರೆದು ನೋಡಿದರೆ ತಟ್ಟೆ ಡೊಂಕಾಗಿತ್ತು.

ಅದು ನನ್ನದೇ ಕೈವಾಡ. ಮಾಸ್ತರು ಒಳಗೆ ಚಮತ್ಕಾರ ಬೇಡ ಎಂದರಲ್ಲ, ಆ ಹಟಕ್ಕೆ ನಾನು ಹೊರಗಾದರೂ ಇರಲಿ ಎಂದು ವಧೂವರರ ಬಣ್ಣದ ಫೋಟೋ ಮುದ್ರಿಸಿ, ಗೋಂದು ಬಳಿದು ತಟ್ಟೆಯ ಮೇಲೆ ಅಂಟಿಸಿದ್ದೆ. ಹದಿನಾರು ವರ್ಷದಲ್ಲಿ ಆ ಕಾಗದ ಬಿಗಿದುಕೊಂಡು ತಟ್ಟೆಯನ್ನೇ ಮಣಿಸಿತ್ತು. ಸ್ಟುಡಿಯೋಕ್ಕೆ ತಂದು ಡ್ರೈವಿಗೆ ಹಾಕಿದರೆ ಅದು ಒಳಗೆ ದಡಬಡ ಬಡಿದುಕೊಂಡು, ಹೊರಗೆ ಉಗುಳಿತು. ಮೂರು ಸಲ ಹಾಕಿದೆ, ಮೂರು ಸಲ ಉಗುಳಿತು.

ಹೊನ್ನವ್ವ ತಟ್ಟೆಯನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಹಪ್ಪಳ ನೋಡುವ ಹಾಗೆ ನೋಡಿದಳು.

"ಇದು ಡೊಂಕಾಗೈತಿ ಅಷ್ಟ. ಹಪ್ಪಳ ಡೊಂಕಾದ್ರ ಒಗಿತೇವೇನು? ಒಜ್ಜಿ ಇಡತೇವಿ."

"ದೊಡ್ಡವ್ವ, ಇದು ಹಪ್ಪಳ ಅಲ್ಲ."

"ನೀ ಅಂಟು ಹಚ್ಚಿ ಡೊಂಕ ಮಾಡಾಂವ. ಸುಮ್ಕಿರು."

ಎರಡು ಮೆತ್ತನೆ ಧೋತರದ ಮಡಿಕೆಯ ನಡುವೆ ತಟ್ಟೆ ಇಟ್ಟು, ಮೇಲೆ ಒಂದು ಹಲಗೆ, ಹಲಗೆಯ ಮೇಲೆ ನೀರು ತುಂಬಿದ ಹಿತ್ತಾಳೆಯ ಕೊಡ. ಎರಡು ದಿನ ಆ ಕೊಡವನ್ನು ಯಾರೂ ಮುಟ್ಟಕೂಡದು ಎಂದು ಕಟ್ಟಪ್ಪಣೆ. ಮದುವೆ ಮನೆಯಲ್ಲಿ ನೀರಿಗೆ ಪರದಾಡುತ್ತಿದ್ದರೂ ಶ್ರೀದೇವಿ ಆ ಕೊಡ ಮುಟ್ಟಲಿಲ್ಲ. ಹೊನ್ನವ್ವ ಹೋಗುವಾಗ ಬರುವಾಗ ಅದಕ್ಕೊಂದು ಕಣ್ಣು ಹಾಕುತ್ತಿದ್ದಳು. ನಾನು ಮನಸ್ಸಿನಲ್ಲಿ ಕೈಬಿಟ್ಟಿದ್ದೆ. ಮೂರನೆಯ ದಿನ ತೆಗೆದರೆ ತಟ್ಟೆ ಪೂರ್ತಿ ನೆಟ್ಟಗಾಗಿರಲಿಲ್ಲ, ಆದರೆ ಮೊದಲಿನ ಡೊಂಕು ಅರ್ಧದಷ್ಟೂ ಉಳಿದಿರಲಿಲ್ಲ.

ಹೊನ್ನವ್ವ ತಾನೇ ಅದನ್ನು ಸ್ಟುಡಿಯೋಕ್ಕೆ ಹಿಡಿದುಕೊಂಡು ಬಂದಳು. ಡ್ರೈವಿನ ವೇಗವನ್ನು ಎಷ್ಟು ಇಳಿಸಬಹುದೋ ಅಷ್ಟು ಇಳಿಸಿ ಹಾಕಿದೆ. ಈ ಸಲ ಅದು ಬಡಿದುಕೊಳ್ಳಲಿಲ್ಲ, ಗೊರಕೆ ಹೊಡೆಯುವವರ ಹಾಗೆ ಸದ್ದು ಮಾಡುತ್ತಾ ತಿರುಗಿತು. ಇಪ್ಪತ್ತು ನಿಮಿಷದ ಕೆಲಸಕ್ಕೆ ಐದು ಗಂಟೆ ಹಿಡಿಯಿತು. ಪರದೆಯ ಮೇಲಿನ ಹಸಿರು ಪಟ್ಟಿ ಶೇಕಡಾ ಎಪ್ಪತ್ತೊಂದಕ್ಕೆ ಬಂದು ನಿಂತುಬಿಟ್ಟಿತು. ನಾನು ಎದ್ದು ಏನಾದರೂ ಒತ್ತಲು ಹೋದರೆ ಹೊನ್ನವ್ವ ನನ್ನ ಕೈಗೆ ಹೊಡೆದಳು.

"ಲಗೂ ಮಾಡಬ್ಯಾಡ. ಉಸಿರು ತಗೊಳ್ಳಲಿ ಅದು."

ಹನ್ನೊಂದು ನಿಮಿಷದ ಮೇಲೆ ಎಪ್ಪತ್ತೆರಡು ಆಯಿತು. ನಾನು ಕುಣಿಯುವುದೊಂದು ಬಾಕಿ. ಮಧ್ಯಾಹ್ನ ಮೂರಕ್ಕೆ ಪಟ್ಟಿ ತುಂಬಿತು. ತುಂಡುಗಳನ್ನು ಜೋಡಿಸಿದೆ. ಶಬ್ದ ಇದೆಯೇ ಎಂದು ಒಂದು ಕ್ಷಣ ಕೇಳಿಸಿಕೊಂಡೆ. ಯಾರೋ ಉಪ್ಪು ಕೇಳುತ್ತಿದ್ದರು. ಅಷ್ಟು ಇಂಪಾದ ಕೂಗನ್ನು ನಾನು ಕೇಳಿಯೇ ಇರಲಿಲ್ಲ.

ಮದುವೆಗೆ ಒಂದು ವಾರ ಉಳಿದಿತ್ತು. ಅವತ್ತು ಸಂಜೆ ಹೊನ್ನವ್ವನ ಮನೆಯ ಟಿವಿಯಲ್ಲಿ ಇಪ್ಪತ್ತೇಳನೆಯ ಮದುವೆಯ ಹೆಸರು ಬಂತು. ಶ್ರೀದೇವಿ ಒಲೆ ಆರಿಸಿ ಬಂದಳು. ಭುವನಾ ನೋಟುಬುಕ್ಕು ಪೆನ್ನು ಹಿಡಿದು ಕೂತಳು. ಬಿಬಿಜಾನ್ ಎಲೆ ಅಡಿಕೆ ಬದಿಗಿಟ್ಟಳು.

ಸುರಗಿ ಬಂತು. ಪರದೆಯ ತುಂಬ ಶೀಲಾಳ ಮುಖ. ಹಾಡುವವರು ಕ್ಯಾಮೆರಾದ ಹಿಂದೆ ಕೂತಿದ್ದರು, ಹಾಗಾಗಿ ಕಾಣಿಸುವುದಿಲ್ಲ. ಆದರೆ ದನಿ ಬಂತು. ತುಂಬಿದ, ದುಂಡಗಿನ, ಎಲ್ಲೂ ಅಳುಕದ ದನಿ. ವರದೆಯ ನೀರು ಮುಗಿಯಿತು, ತುಂಗಭದ್ರೆಯದು ಮುಗಿಯಿತು. ಇದನ್ನು ಅಳಿಸಿ ನಾನು ಗಿಟಾರು ಹಚ್ಚುತ್ತಿದ್ದೆನಲ್ಲ ಎಂದು ನನ್ನನ್ನೇ ಹೊಡೆದುಕೊಳ್ಳಬೇಕು ಅನಿಸಿತು.

ಹೊನ್ನವ್ವ ಹುಬ್ಬು ಗಂಟಿಕ್ಕಿ ಕೂತಿದ್ದಳು.

"ಯಾರು ಇಕಿ?" ಎಂದಳು.

"ನೀನ, ದೊಡ್ಡವ್ವ."

"ನಾ ಅಲ್ಲ. ನನ್ನ ದನಿ ಹಿಂಗ ಎಲ್ಲೈತಿ? ನೀ ಮತ್ತ ಯಾರದೋ ಹಾಡು ಹಚ್ಚಿ ತಂದಿ."

ನಾನು ದೇವರಾಣೆ ಹಾಕಿದೆ. ಅವಳು ನಂಬಲಿಲ್ಲ. ಹತ್ತೊಂಬತ್ತು ಸಲ ಮೋಸ ಮಾಡಿದವನ ಮಾತನ್ನು ಅವಳು ತಾನೇ ಹೇಗೆ ನಂಬಬೇಕು? ಪಾಪ, ತನ್ನ ದನಿಯನ್ನು ಹೊರಗಿನಿಂದ ಅವಳು ಹುಟ್ಟಿ ಒಮ್ಮೆಯೂ ಕೇಳಿರಲಿಲ್ಲ.

ಅಷ್ಟರಲ್ಲಿ ಮೂರನೆಯ ನುಡಿ ಬಂತು.

ಮೂರನೆ ತಂಬಿಗಿ ತವರೀನ ಬಾವೀದು
ಹಗ್ಗ ಹಿಡಿದ ಕೈಯ ಗುರುತುಂಟು, ಮಗಳ
ನೀರೀಗಿ ನಿನ್ನ ಹೆಸರುಂಟು

ಹಿಂದೆಯೇ ಬಿಬಿಜಾನಳ ದನಿ ಅದನ್ನು ಎತ್ತಿಕೊಂಡಿತು. ಭುವನಾ ಪೆನ್ನು ಊರಿದಳು. ಟಿವಿಯೊಳಗಿನ ಹೊನ್ನವ್ವ ಒಂದು ಗಳಿಗೆ ಸುಮ್ಮನಾದಳು. ಆಮೇಲೆ ಅದೇ ಮೂರನೆಯ ನುಡಿಯನ್ನೇ ಮತ್ತೊಮ್ಮೆ ಹೇಳಿದಳು. ಶೀಲಾಳ ತಲೆಯ ಮೇಲೆ ನಾಲ್ಕನೆಯ ತಂಬಿಗೆ ಸುರಿಯಿತು. ಹಾಡು ಮುಗಿಯಿತು.

ಭುವನಾ ಪೆನ್ನು ಕೆಳಗಿಟ್ಟಳು. ಶ್ರೀದೇವಿ ನನ್ನ ಮುಖ ನೋಡಿದಳು. ಹೊಸರಿತ್ತಿ, ರಾಣೇಬೆನ್ನೂರು, ಕೊಡದ ನೀರು, ಐದು ಗಂಟೆಯ ಗೊರಕೆ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಆದರೆ ಹೊನ್ನವ್ವ ಎದ್ದು ನಿಂತಿದ್ದಳು. ಟಿವಿಯ ಕಡೆ ಕೈ ಮಾಡಿ ಗದರಿದಳು.

"ಏ ಮಳ್ಳಿ! ನಾಕನೇದ್ದನ್ನ ನುಂಗಿದೆಲ್ಲ! ಬೀಗತಿ ಎದುರಿಗೆ ಕುಂತಾಳಂತ ಅಂಜಿದೇನು? ಅಂಜಿಕಿ ಇದ್ದಾಕಿ ಹಾಡಾಕ ಯಾಕ ಬರಬೇಕು? ಹಿಂಗ ಹೇಳಬೇಕ ಅದನ್ನ," ಎಂದವಳೇ, ಆ ಗೊಗ್ಗರು ದನಿಯಲ್ಲೇ, ಸಿಟ್ಟಿನ ಭರದಲ್ಲೇ ಹಾಡಿಬಿಟ್ಟಳು:

ನಾಕನೆ ತಂಬಿಗಿ ನೀ ಕಾಣದ ಬಾವೀದು
ಸಿಹಿಯಾದ್ರ ಕುಡಿಯ ನಗನಗತ, ಸವಳಾದ್ರ
ಹೊಳಿಹಾದಿ ಹಿಡಿಯ ನನ ಮಗಳ

ಭುವನಾ ಬರೆಯುವುದನ್ನೂ ಮರೆತು ಅಜ್ಜಿಯನ್ನೇ ನೋಡುತ್ತಿದ್ದಳು. ಬಿಬಿಜಾನ್ ಮೆಲ್ಲಗೆ ಹೊನ್ನವ್ವನ ಕೈ ಹಿಡಿದು ಕೂರಿಸಿದಳು.

"ಹೊನ್ನಿ, ಬಂತಲ್ಲ ನಿನಗ."

"ಏನ್ ಬಂತು?" ಎಂದಳು ಹೊನ್ನವ್ವ. ಆಮೇಲೆ ಅವಳಿಗೇ ತಿಳಿಯಿತು. ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಟಿವ್ಯಾಗಿನಾಕಿ ನೀನ," ಎಂದಳು ಬಿಬಿಜಾನ್. "ನೀನ ನುಂಗಿದ್ದಿ. ಯಾವಾಗಲೂ ನುಂಗತಿದ್ದಿ. ನಾ ನಿನ್ನ ಸಂಗಾಟ ಹಾಡಾಕ ಬಂದಾಗಿಂದ ಒಮ್ಮೆನೂ ಇದನ್ನ ಕೇಳಿಲ್ಲ. ಮೂರನೇದ್ದನ್ನ ಎರಡು ಸಲ ಹೇಳೋದ ಈ ಹಾಡಿನ ರೀತಿ ಅಂತ ತಿಳಿದಿದ್ದೆ."

ಹೊನ್ನವ್ವ ಪರದೆಯನ್ನೇ ನೋಡುತ್ತಾ ತಡೆದು ತಡೆದು ಹೇಳಿದಳು. ಮೊದಮೊದಲು ನಾಲ್ಕೂ ನುಡಿ ಹಾಡುತ್ತಿದ್ದಳಂತೆ. ಯಾವುದೋ ಮದುವೆಯಲ್ಲಿ ಗಂಡಿನ ಕಡೆಯ ಹಿರಿಯಳೊಬ್ಬಳು, ಹೊಕ್ಕ ಮನೆಯ ನೀರು ಸವಳು, ಹೊಳೆಯ ಹಾದಿ ಹಿಡಿದು ತವರಿಗೆ ಬಾ ಎಂದು ಮೊದಲೇ ಅಪಶಕುನ ನುಡಿಯುತ್ತೀಯಾ ಎಂದು ತುಂಬಿದ ಹಂದರದಲ್ಲಿ ಬೈದಳಂತೆ. ಅವತ್ತಿನಿಂದ ಮೂರನೆಯದನ್ನೇ ಎರಡು ಸಲ ಹೇಳಿ ಎರಡು ತಂಬಿಗೆ ಎತ್ತಿಸುತ್ತಾ ಬಂದಳು. ಹೇಳದೆ ಹೇಳದೆ ಅದು ತಲೆಯಿಂದಲೇ ಹೋಗಿ, ಹೋಗಿದೆ ಎಂಬುದೂ ಮರೆತಿತ್ತು.

"ಅಜ್ಜಿ," ಎಂದಳು ಭುವನಾ, "ನನ್ನ ಸುರಗಿಗೆ ನುಂಗಬ್ಯಾಡ."

"ಹಾವೇರಿ ಮಂದಿ ಏನಂತಾರೋ ಏನೋ, ಮಗಳ."

"ಅನ್ನಲಿ."

ಮದುವೆಯ ದಿನ ಹಂದರದ ಕೆಳಗೆ ಕಾಲಿಡಲು ಜಾಗ ಇರಲಿಲ್ಲ. ಮಾಸ್ತರು ಖಾದಿ ಅಂಗಿ ಹಾಕಿಕೊಂಡು ಮುಂದೆಯೇ ಕೂತಿದ್ದರು. ಶೀಲಾ ರಾಣೇಬೆನ್ನೂರಿನಿಂದ ಗಂಡನ ಸಮೇತ ಬಂದಿದ್ದಳು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ, ಸುತ್ತ ನೂಲು, ನಡುವೆ ಭುವನಾ. ಎದುರಿನ ಕುರ್ಚಿಯಲ್ಲಿ ಗಂಡಿನ ತಾಯಿ ಜಯವ್ವ. ದಪ್ಪ ಜರಿಯ ಸೀರೆ, ನಗದ ಮುಖ.

ಹೊನ್ನವ್ವ ಶುರು ಮಾಡಿದಳು. ದನಿ ಒಡೆದಿತ್ತು, ಅಲ್ಲಲ್ಲಿ ನಿಲ್ಲುತ್ತಿತ್ತು. ನಿಂತಲ್ಲಿ ಬಿಬಿಜಾನ್ ಎತ್ತಿಕೊಳ್ಳುತ್ತಿದ್ದಳು. ಮೊದಲ ತಂಬಿಗೆ ಎತ್ತಿದರು. ಎರಡನೆಯದು ಎತ್ತಿದರು. ಮೂರನೆಯದನ್ನೂ ಎತ್ತಿದರು. ಹೊನ್ನವ್ವ ತಲೆ ಎತ್ತಿ ಜಯವ್ವನ ಮುಖ ನೋಡಿದಳು. ಒಂದು ಗಳಿಗೆ ಸುಮ್ಮನಾದಳು. ಟಿವಿಯಲ್ಲಿ ಕೇಳಿದ್ದು ಅದೇ ಮೌನ. ಶ್ರೀದೇವಿ ಕಣ್ಣು ಮುಚ್ಚಿಕೊಂಡಳು. ಇನ್ನೇನು ಮೂರನೆಯದೇ ಮತ್ತೆ ಬರುತ್ತದೆ ಎಂದುಕೊಂಡೆ.

ನಾಕನೆ ತಂಬಿಗಿ ಎಂದಳು ಹೊನ್ನವ್ವ. ಕಾಣದ ಬಾವಿ ಎಂದಳು. ಸಿಹಿ ಎಂದಳು, ಸವಳು ಎಂದಳು, ಹೊಳೆಹಾದಿ ಹಿಡಿ ಎಂದಳು. ಒಂದಕ್ಷರ ನುಂಗಲಿಲ್ಲ. ಬಿಬಿಜಾನ್ ಅದನ್ನು ಇನ್ನೂ ಜೋರಾಗಿ ಮರಳಿ ಹೇಳಿದಳು.

ತಂಬಿಗೆ ಎತ್ತಬೇಕಾದ ಹೆಂಗಸು ಎತ್ತಲೋ ಬೇಡವೋ ಎಂದು ನಿಂತಳು. ಜಯವ್ವ ಕುರ್ಚಿಯಿಂದ ಎದ್ದಳು. ನೇರ ನಡೆದುಬಂದು, ಆ ಹೆಂಗಸನ್ನು ಸರಿಸಿ, ನಾಲ್ಕನೆಯ ತಂಬಿಗೆಯನ್ನು ತಾನೇ ಕೈಗೆತ್ತಿಕೊಂಡಳು.

"ನಮ್ಮ ಮನ್ಯಾಗ ಬಾವಿ ಇಲ್ರಿ ಯವ್ವಾ," ಎಂದಳು ಹೊನ್ನವ್ವನಿಗೆ. "ನಳದ ನೀರು. ಅದೂ ಬಂದಾಗ ಬಂತು, ಇಲ್ಲಾಂದ್ರ ಇಲ್ಲ."

ಯಾರೋ ಕಿಸಕ್ಕೆಂದರು. ಜಯವ್ವ ಭುವನಾಳ ಕಡೆ ಬಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಸವಳು ಅನಿಸಿದ್ರ ನನಗ ಮೊದಲ ಹೇಳು ಮಗಳ. ಹೊಳಿತನಾ ನಾನ ನಿನ್ನ ಕರಕೊಂಡು ಬರ್ತೇನಿ."

ತಂಬಿಗೆ ಬಗ್ಗಿಸಿದಳು. ಭುವನಾ ಕಣ್ಣು ಮುಚ್ಚಿ ನಗುತ್ತಾ ನೀರಲ್ಲಿ ತೊಯ್ದು ಕೂತಳು. ಹೊನ್ನವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, ಬಿಬಿಜಾನಳ ತೊಡೆಗೆ ಒಂದು ಪೆಟ್ಟು ಕೊಟ್ಟಳು, ಮತ್ತೆ ಮೊದಲ ತಂಬಿಗೆಯಿಂದ ಶುರು ಮಾಡಿದಳು.